ಮೂರನೆಯ ಹೆಣ

ಹಳೆಯ ಚಿತ್ರದಲ್ಲಿ ನಾನು ಮೂರನೆಯ ಹೆಣ.
ಸುಂಟಿಕೊಪ್ಪದಾಚೆ, ಕಾಫಿ ಒಣಗಿಸುವ ಕಣದಲ್ಲಿ
ಬೆಳಗಿನ ಆರರಿಂದ ಹತ್ತೂವರೆಯವರೆಗೆ ಸತ್ತಿದ್ದೆ.
ಮೂವತ್ತು ರೂಪಾಯಿ, ಒಂದು ಊಟ.
ಸೀರೆ ಅವರದು, ವಾಪಸು ಕೊಡಬೇಕು.

ನಿನ್ನೆ ಕುಶಾಲನಗರದಲ್ಲಿ ಹೊಸದನ್ನು ನೋಡಿದೆ.
ತಂಗಿಯ ಮೊಮ್ಮಗಳು ಗ್ರೀಷ್ಮ ಟಿಕೆಟ್ ತೆಗೆಸಿದ್ದಳು:
‘ದೊಡ್ಡಜ್ಜೀ, ನಿನ್ನ ಪಾರ್ಟು ಯಾರು ಮಾಡಿದ್ದಾರೆ ನೋಡೋಣ.’
ಯಾರೂ ಮಾಡಿರಲಿಲ್ಲ. ರಬ್ಬರಿನದೊಂದು ಬೊಂಬೆ,
ರೆಪ್ಪೆಗೂದಲು ಒಂದೊಂದಾಗಿ ನೆಟ್ಟಿದ್ದಾರಂತೆ.
ಕೊನೆಯಲ್ಲಿ ಅದನ್ನು ಮಾಡಿದವನ ಹೆಸರೂ ಬಂತು.
ನಮ್ಮದರಲ್ಲಿ ನಾನು ‘ಮತ್ತು ಇತರರು’.

ಕಥೆ ಅದೇ. ಐದು ಹೆಂಗಸರು, ಒಬ್ಬ ಗಂಡಸು,
ಪ್ರತಿ ಹೆಣದ ಪಕ್ಕ ಒಂದು ಕಿತ್ತಳೆ ಸಿಪ್ಪೆ.
ಆಗ ಅದು ನಮ್ಮ ಕಿತ್ತಳೆ. ಸಡಿಲ ಅಂಗಿ ತೊಟ್ಟ ಹಣ್ಣು,
ಉಗುರು ತಾಗಿದರೆ ಸಾಕು, ನಾಲ್ಕು ಎಸಳಾಗಿ ಬಿಚ್ಚಿಕೊಳ್ಳುತ್ತಿತ್ತು.
ಕಪ್ಪುಬಿಳುಪಿನಲ್ಲಿ ಬರೀ ಬೂದಿಬಣ್ಣ;
ಆದರೂ ಟಾಕೀಸಿನ ಬೆಂಚಿನಲ್ಲಿ ಕುಳಿತವರು
ಮೂಗು ಮುಚ್ಚಿಕೊಂಡದ್ದನ್ನು ನಾನು ಕಂಡಿದ್ದೇನೆ.
ಈಗಿನದು ಎಲ್ಲಿಯದೋ ಹಣ್ಣು, ಬಿಗಿ ತೊಗಲು,
ಚಾಕುವಿನಲ್ಲಿ ಸುರುಳಿ ಸುರುಳಿಯಾಗಿ ಹೆರೆಯುತ್ತಾನೆ.
ಇಡೀ ಚಿತ್ರ ನೀಲಿ, ಸಿಪ್ಪೆಯೊಂದು ಕೆಂಡ.
ಚೆಂದ ಕಾಣುತ್ತದೆ. ವಾಸನೆ ಇಲ್ಲ.
ನಮ್ಮ ಗಿಡಗಳು ಹೋಗಿ ಎಷ್ಟು ವರ್ಷವಾಯಿತು,
ಅದಕ್ಕೆ ಅವರೇನು ಮಾಡಿಯಾರು.

ಅವನಿಗೆ ಈಗ ಒಂದು ಬಾಲ್ಯ ಕೊಟ್ಟಿದ್ದಾರೆ.
ಕುಡುಕ ಅಪ್ಪ, ಚಿಲಕ ಹಾಕಿದ ಉಗ್ರಾಣ, ಹಿಂದೆ ಪಿಟೀಲು.
ಪಕ್ಕದ ಸೀಟಿನವಳು ಕಣ್ಣೊರೆಸಿಕೊಂಡಳು.
ನಮ್ಮವನಿಗೆ ಬಾಲ್ಯವಿರಲಿಲ್ಲ, ಒಂದು ಜೊತೆ ಗಂಬೂಟು ಇತ್ತು.
ಯಾಕೆ ಕೊಂದ ಅಂತ ಕೊನೆಗೂ ಹೇಳಲಿಲ್ಲ.
ಹಾಗಾಗಿ ವರ್ಷಗಟ್ಟಲೆ ಗಂಬೂಟು ಕಂಡರೆ
ಮುಖ ತಿಳಿಯುವವರೆಗೆ ಎದೆ ನಿಲ್ಲುತ್ತಿತ್ತು.
ತೋಟದಲ್ಲಿ ಯಾರ ಕಾಲಲ್ಲಿ ಇರಲಿಲ್ಲ ಗಂಬೂಟು!

ಆ ಪಾರ್ಟಿನವರು ಮೈಸೂರಿನ ಕಡೆಯ ಡ್ರಾಯಿಂಗ್ ಮೇಷ್ಟ್ರು.
ಶಾಟಿನ ನಡುವೆ ನನ್ನ ಮೀನಖಂಡಕ್ಕೆ ಜಿಗಣೆ ಹತ್ತಿತು.
ಹೆಣ ಅಲುಗಬಾರದು. ಅಲುಗಲಿಲ್ಲ.
ಕಟ್ ಅಂದಮೇಲೆ ಕೊಲೆಗಾರರೇ ಮೊಣಕಾಲೂರಿ
ಎಲೆಯಡಿಕೆ ಡಬ್ಬಿಯ ಸುಣ್ಣ ಮುಟ್ಟಿಸಿ ಬಿಡಿಸಿದರು,
‘ನೋವಾಯ್ತೇನಮ್ಮಾ’ ಅಂದರು.
ಆ ದನಿ ಎರಡು ಚಿತ್ರದಲ್ಲೂ ಇಲ್ಲ.

ಚಿತ್ರ ಬಂತು. ನಾನು ‘ಹೆಣದ ಮುತ್ತಕ್ಕ’ ಆದೆ.
ಚೆಟ್ಟಿಮಾನಿ ಕಡೆಯಿಂದ ಬಂದ ಸಂಬಂಧ ಹಿಂದಿರುಗಿತು.
ಹುಡುಗನ ತಾಯಿ ಮಡಿಕೇರಿಯಲ್ಲಿ ನೋಡಿದ್ದರಂತೆ:
‘ಸತ್ತದ್ದನ್ನು ಕಣ್ಣಾರೆ ಕಂಡಮೇಲೆ
ಮನೆ ತುಂಬಿಸಿಕೊಳ್ಳೋದು ಹೇಗೆ?’
ರಬ್ಬರಿನವಳಿಗೆ ಆ ತಾಪತ್ರಯವಿಲ್ಲ.

ಇನ್ನೊಂದು. ಆಗ ಇನ್ಸ್‌ಪೆಕ್ಟರು ದಪ್ಪ ಮೀಸೆಯವರು.
ಊರವರ ಸಭೆ ಸೇರಿಸಿ ಅಂದರು,
‘ಕತ್ತಲಾದ ಮೇಲೆ ಹೆಂಗಸರು ಹೊರಗೆ ಬರಬೇಡಿ.’
ಈಗ ಇನ್ಸ್‌ಪೆಕ್ಟರು ಹೆಣ್ಣು. ಜೀಪು ತಾನೇ ಓಡಿಸುತ್ತಾಳೆ,
ಕೋವಿ ಹಿಡಿದರೆ ಗುರಿ ತಪ್ಪುವುದಿಲ್ಲ.
ಸಭೆ ಸೇರಿಸುತ್ತಾಳೆ.
ಅದೇ ಮಾತು.

ವಾಪಸು ಬರುವಾಗ ಬಸ್ಸಿನಲ್ಲಿ ಗ್ರೀಷ್ಮ
ಫೋನಿನಲ್ಲಿ ಹಳೆಯದನ್ನು ಹುಡುಕಿ ಹಚ್ಚಿದಳು.
ಕಣ, ಮಂಜು, ನಾನು. ಎರಡು ಬೆರಳಲ್ಲಿ ನನ್ನನ್ನು ಹಿಗ್ಗಿಸಿದಳು.
‘ದೊಡ್ಡಜ್ಜೀ, ಹೊಟ್ಟೆ ಅಲುಗ್ತಾ ಇದೆ! ಉಸಿರಾಡ್ತಿದೀಯ!’
ತಪ್ಪು ಹಿಡಿದ ಖುಷಿ ಅವಳಿಗೆ.
ನಾನು ಕನ್ನಡಕ ಒರೆಸಿಕೊಂಡು ನೋಡಿದೆ.
ಹೌದು. ಇಪ್ಪತ್ತರ ಹೊಟ್ಟೆ, ಒಂದೇ ಒಂದು ಸಲ,
ಅವರ ಸೀರೆಯ ಅಡಿಯಲ್ಲಿ.
ಇನ್ನೊಮ್ಮೆ ಹಾಕು, ಅಂದೆ.
ಇನ್ನೊಮ್ಮೆ ಹಾಕಿದಳು.

ಸ್ಟಾಪಿನಲ್ಲಿ ಇಳಿದಾಗ ಎಂಟೂಕಾಲು.
ಮನೆಗೆ ತೋಟದ ದಾರಿ, ಅರ್ಧ ಮೈಲಿ.
ಅವಳು ಟಾರ್ಚು ಹಚ್ಚಿದಳು.
ನಾನು ಕೊಡೆ ಮಡಿಸಿ ಹಿಡಿದೆ, ಮೊನೆ ಮುಂದಕ್ಕೆ.
ಇಬ್ಬರೂ ಜೋರಾಗಿ ಮಾತಾಡುತ್ತಾ ನಡೆದೆವು,
ಸಿನಿಮಾದ ಬಗ್ಗೆ ಅಲ್ಲ,
ಕಾಚಂಪುಳಿಗೆ ಈ ವರ್ಷ ಬಂದಿರುವ ರೇಟಿನ ಬಗ್ಗೆ.